ಮೇಜಿನ ಕೆಳಗಿನ ಬೂಟು

ಕಳೆದ ವಾರ ಅಡುಗೆಮನೆಯಲ್ಲಿ ಮೆಂತೆಸೊಪ್ಪು ಸೋಸುತ್ತ ಕೂತಿದ್ದೆ. ಸೂಡಿನೊಳಗೆ ತೊಂಡೆಬಳ್ಳಿಯ ಒಂದು ತುಂಡು ಸೇರಿಕೊಂಡಿತ್ತು. ಬಿಸಾಡಬೇಕೆಂದು ಎತ್ತಿಕೊಂಡವಳು ಯಾಕೋ ಅದರ ಎಲೆಯನ್ನು ಅಂಗೈಯಲ್ಲಿ ತಿಕ್ಕಿದೆ. ಹಸಿ ಹಸಿ, ಒಗರು ವಾಸನೆ... ಕೈ ಅಲ್ಲಿಯೇ ನಿಂತಿತು. "ಏನಾತ್ರಿ ಅತ್ತಿ?" ಎಂದು ನಿಮ್ಮ ಅವ್ವ ಕೇಳಿದಳು. ಏನೂ ಇಲ್ಲ ಎಂದೆ. ಏನೂ ಇಲ್ಲ ಎನ್ನುವುದು ನನಗೆ ಮೊದಲಿನಿಂದಲೂ ರೂಢಿ. ಆದರೆ ಅವತ್ತು ಮಧ್ಯಾಹ್ನ ನಿಮ್ಮ ಹಳೆಯ ನೋಟ್‌ಬುಕ್ ಒಂದನ್ನು ತೆಗೆದು ಬರೆಯಲು ಕೂತೆ.

ಮೊಮ್ಮಕ್ಕಳೇ, ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅವ್ವನ ಕೈಯಿಂದ ಓದಿಸಿಕೊಳ್ಳಿರಿ. ನಾನು ಲಿಂಗನೂರಿನ ಕನ್ನಡ ಶಾಲೆಯಲ್ಲಿ ಏಳನೆಯ ತನಕ ಕಲಿತವಳು. ಮರಾಠಿ ಮಾತಾಡಿದರೂ ಮನಸ್ಸಿನಲ್ಲಿದ್ದದ್ದನ್ನು ಬರೆಯಬೇಕೆಂದರೆ ನನಗೆ ಇದೇ ಅಕ್ಷರ ಬೇಕು.

ಆ ಎಲೆಯ ವಾಸನೆಗೆ ಇದ್ದಿಲ ಪುಡಿ ಬೆರೆಸಿದರೆ ಅದು ನಮ್ಮ ಚಾಳಿನ ಫಲಕದ ವಾಸನೆ. ಸಾಂಗ್ಲಿಯ ಮಗ್ಗುಲ ಮಾಧವನಗರದಲ್ಲಿ ಬಟ್ಟೆ ಗಿರಣಿಯವರು ಕಟ್ಟಿಸಿದ್ದ ಚಾಳಿನಲ್ಲಿ ನಾವಿದ್ದೆವು. ಒಂದೊಂದೇ ಕೋಣೆಯ ಎರಡು ಸಾಲು ಖೋಲಿಗಳು, ನಡುವೆ ಒಂದು ನಳ, ಮೂಲೆಯಲ್ಲಿ ಗೋಡೆಗೆ ಬಡಿದ ದೊಡ್ಡ ಕರಿಹಲಗೆ. ನಾಳೆ ನೀರು ಎಷ್ಟಕ್ಕೆ ಬರುತ್ತದೆ, ಯಾರ ಮಗಳು ಹತ್ತನೆಯದು ಪಾಸಾದಳು, ಯಾರು ತೀರಿಕೊಂಡರು, ಎಲ್ಲವನ್ನೂ ಅದರ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದರು. ಅಮಾವಾಸ್ಯೆಗೊಮ್ಮೆ ಹೆಂಗಸರು ತೊಂಡೆ ಎಲೆ ಅರೆದು, ಇದ್ದಿಲು ಕಲಸಿ ಹಲಗೆಗೆ ತಿಕ್ಕಿ ಕಪ್ಪು ಮಾಡುತ್ತಿದ್ದೆವು. ಫಲಕಕ್ಕೆ ಒಂದು ಕಟ್ಟಳೆ ಇತ್ತು. ಬೆಳಿಗ್ಗೆ ಬರೆದದ್ದು ಮರುದಿನ ಬೆಳಗಿನ ತನಕ ಇರಬೇಕು. ನಡುವೆ ಒರೆಸುವುದಾದರೆ ಸಾವಿನ ಸುದ್ದಿಗೆ ಮಾತ್ರ.

ಫಲಕ ಬರೆಯುತ್ತಿದ್ದವರು ನಮ್ಮಿಂದ ನಾಲ್ಕನೆಯ ಖೋಲಿಯ ಪೇಂಟರ್ ಕಾಕಾ. ನಿಮ್ಮ ಅಪ್ಪ ಕಾಕಾ ಎನ್ನುತ್ತಿದ್ದ, ಅವನ ಬಾಯಿಂದ ನನಗೂ ಕಾಕಾ ಆದರು. ಅವರು ನನ್ನನ್ನು ಅತ್ತಿಗೆಯೆಂದು ವೈನಿ ಎನ್ನುತ್ತಿದ್ದರು. ಅವರದೂ ಕನ್ನಡದ ಮನೆತನ, ಅಥಣಿಯ ಕಡೆಯಿಂದ ಬಂದವರು. ಅಂಗಡಿಯ ಬೋರ್ಡು, ಗಾಡಿಯ ನಂಬರು, ಶಾಲೆಯ ಗೋಡೆ ಬರೆದು ಹೊಟ್ಟೆ ಹೊರೆಯುತ್ತಿದ್ದರು. ಎಲ್ಲಕ್ಕಿಂತ ಖಾತ್ರಿಯ ಕೆಲಸವೆಂದರೆ ಕೋರ್ಟಿನದು. ವಕೀಲರ ಹೆಸರಿನ ಪಾಟಿಗಳು, ಕಾರಿಡಾರಿನಲ್ಲಿ ತೂಗುಹಾಕಿದ ಉದ್ದನೆಯ ಹಲಗೆಯ ಮೇಲೆ ಒಬ್ಬರ ನಂತರ ಒಬ್ಬರು ಬಂದ ಜಡ್ಜ್ ಸಾಹೇಬರ ಹೆಸರುಗಳು, ಎಲ್ಲವೂ ಅವರ ಕೈಯವೇ. ಫಲಕ ಬರೆದದ್ದಕ್ಕೆ ಯಾರೂ ಏನೂ ಕೊಡುತ್ತಿರಲಿಲ್ಲ. ಮೇಲೆ ಮರಾಠಿ ಬರೆದು, ತಳದಲ್ಲಿ ಒಂದು ಸಾಲು ಕನ್ನಡ ಬರೆಯುತ್ತಿದ್ದರು. ಆ ಓಣಿಯಲ್ಲಿ ಕನ್ನಡ ಓದುತ್ತಿದ್ದವರು ನಾನು ಮತ್ತು ಇಬ್ಬರು ಮುದುಕಿಯರು. ಮೂವರಿಗಾಗಿ ಒಂದು ಸಾಲು.

ಗಿರಣಿ ಮುಚ್ಚಿದ ಮೇಲೆ ಚಾಳು ಖಾಲಿ ಮಾಡಿರೆಂದು ಮಾಲೀಕರು ದಾವೆ ಹಾಕಿದರು. ನಮ್ಮ ಖೋಲಿ ಇರುತ್ತದೋ ಹೋಗುತ್ತದೋ ಎಂಬುದು ಕೋರ್ಟಿನ ಕೈಯಲ್ಲಿತ್ತು. ಕೋರ್ಟು ಯಾವ ಊರಿನದೆಂದು ಬರೆಯುವುದಿಲ್ಲ. ಸಾಹೇಬರಿಗೂ ಮೊಮ್ಮಕ್ಕಳಿರುತ್ತಾರೆ. ಗಂಡಸರು ಸಿಕ್ಕ ಕೂಲಿ ಬಿಟ್ಟು ಬರುವಂತಿರಲಿಲ್ಲ, ಆದ್ದರಿಂದ ತಾರೀಕು ಬಂದಾಗ ಹೆಂಗಸರೇ ಹೋಗುತ್ತಿದ್ದೆವು. ಹತ್ತು ಜನ ತುಂಬಿದ ಮೇಲಷ್ಟೇ ಹೊರಡುವ ವಡಾಪ್ ರಿಕ್ಷಾ ಹಿಡಿದು, ರೊಟ್ಟಿ ಕಟ್ಟಿಕೊಂಡು, ಇಡೀ ದಿನ ಅಲ್ಲಿ ಕೂತು, ಇನ್ನೊಂದು ತಾರೀಕು ತೆಗೆದುಕೊಂಡು ಬರುತ್ತಿದ್ದೆವು. ಹನ್ನೊಂದು ಸಲ ಹೀಗಾಯಿತು.

ಆ ಸಾಹೇಬರು ಸುತ್ತ ನಾಲ್ಕು ಊರಿಗೆ ಹೆಸರಾದವರು. ಗ್ರಂಥಾಲಯದ ಉದ್ಘಾಟನೆಗೆ ಅವರು, ಕಾಲೇಜಿನ ಬಹುಮಾನ ಹಂಚುವುದಕ್ಕೆ ಅವರು. ವಾರಕ್ಕೊಮ್ಮೆ ಪೇಪರಿನಲ್ಲಿ ಹಾರ ಹಾಕಿಕೊಂಡ ಫೋಟೊ, ಕೆಳಗೆ ಬಡವರ ನ್ಯಾಯ ತಡವಾಗಬಾರದು ಎಂಬ ಭಾಷಣ. ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರು ಯಾರನ್ನೂ ಬೈದದ್ದನ್ನು ನಾನು ಕೇಳಲಿಲ್ಲ.

ಹನ್ನೊಂದನೆಯ ತಾರೀಕಿನಿಂದ ಬಂದ ಸಂಜೆ ನಾವು ನಳದ ಹತ್ತಿರ ಕಾಲು ತೊಳೆಯುತ್ತಿದ್ದೆವು. ಕಾಕಾ ಬಾಗಿಲಲ್ಲಿ ಕೂತು ಕುಂಚ ತೊಳೆಯುತ್ತಿದ್ದರು. ಅವರು ಕೋರ್ಟಿನ ಕಾರಿಡಾರಿನಲ್ಲಿ ದಿನಗಟ್ಟಲೆ ಕೆಲಸ ಮಾಡಿದವರೇ, ಆದರೆ ಕೋರ್ಟು ನಡೆಯುವಾಗ ಒಳಗೆ ಕೂತವರಲ್ಲ.

"ವೈನಿ, ನೀವು ಇಷ್ಟ ಸಲ ಹೋಗಿ ಬಂದೀರಿ. ಸಾಹೇಬರು ಹ್ಯಾಂಗದಾರ, ಹೇಳ್ರಿ ನೋಡೂಣು," ಎಂದರು.

"ನಾ ಮಾರಿ ನೋಡಿಲ್ರಿ."

"ಹನ್ನೊಂದು ತಾರೀಕು ಹೋಗಿ ಮಾರಿ ನೋಡಿಲ್ಲ? ಮತ್ತೇನ್ ನೋಡೀರಿ?"

"ಕಾಲು," ಎಂದೆ.

ಎಲ್ಲ ಹೆಂಗಸರೂ ನಕ್ಕರು. ನನಗೆ ನಾಚಿಕೆಯಾಯಿತು. ಆದರೆ ನಿಜವೇ ಹೇಳಿದ್ದೆ. ದೊಡ್ಡವರ ಮುಂದೆ ತಲೆಯೆತ್ತಿ ಕೂತು ನನಗೆ ಗೊತ್ತಿರಲಿಲ್ಲ. ಕಣ್ಣು ಕೆಳಗೆ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿರುತ್ತಿದ್ದೆ. ಸಾಹೇಬರ ಮೇಜು ಹಳೆಯದು, ಮುಂದಿನ ಹಲಗೆ ಕಿತ್ತುಹೋಗಿತ್ತು. ಕಟ್ಟೆಯ ಮೇಲೆ ಎತ್ತರದಲ್ಲಿದ್ದುದರಿಂದ ತಲೆ ತಗ್ಗಿಸಿ ಕೂತವರ ಕಣ್ಣಿಗೆ ಬೇರೇನೂ ಬೀಳುತ್ತಿರಲಿಲ್ಲ, ಅವರ ಕಾಲು ಮಾತ್ರ ಕಾಣುತ್ತಿತ್ತು. ಸಾಹೇಬರು ಕೂತ ಕೂಡಲೇ ಬೂಟು ಬಿಚ್ಚುತ್ತಿದ್ದರು. ದೊಡ್ಡ ದೊಡ್ಡ ವಕೀಲರು ವಾದ ಮಾಡುವಾಗ ಆ ಕಾಲು ಆರಾಮಾಗಿ ಒಂದರ ಮೇಲೊಂದು ಮಲಗಿರುತ್ತಿತ್ತು. ಕೋರ್ಟಿನ ಜವಾನ ಪಟ್ಟೇವಾಲಾ ನಮ್ಮ ಚಾಳಿನ ಹೆಸರು ಕೂಗಿದ ಕೂಡಲೇ ಎಚ್ಚರಾಗುತ್ತಿತ್ತು. ಮೇಲೆ ಕೈ ಕಾಗದ ತಿರುವುತ್ತಿದ್ದರೆ ಕೆಳಗೆ ಕಾಲು ಎದ್ದು ಹೋಗಲು ಬೂಟು ಹುಡುಕುತ್ತಿತ್ತು, ಹೆಬ್ಬೆರಳಿನಿಂದ ತಡವಿ ತಡವಿ... ಬೂಟು ಸಿಗುವುದಕ್ಕೂ ತಾರೀಕು ಬೀಳುವುದಕ್ಕೂ ಸರಿಹೋಗುತ್ತಿತ್ತು. ಮೊದಲ ಎರಡು ಸಲ ಹಾಗೇ ಇರಬಹುದು ಎಂದುಕೊಂಡೆ. ಐದನೆಯ ಸಲಕ್ಕೆ ಕಾಲು ನೋಡಿಯೇ ರೊಟ್ಟಿಯ ಗಂಟು ಕಟ್ಟಿಕೊಳ್ಳಲು ಕಲಿತೆ.

ಇಷ್ಟನ್ನೂ ನಾನು ಒಂದೇ ಉಸಿರಿಗೆ ಹೇಳಿಬಿಟ್ಟೆ. ಕಾಕಾ ನಗಲಿಲ್ಲ. ಕುಂಚ ಕೆಳಗಿಟ್ಟು, "ಯಾವ ಕಾಲ್ರಿ, ಎಡಗಾಲೋ ಬಲಗಾಲೋ?" ಎಂದು ಕೇಳಿದರು. ಬಲಗಾಲು ಎಂದೆ.

ಮರುದಿನ ಬೆಳಿಗ್ಗೆ ನೀರಿಗೆ ಹೋದರೆ ನಳದ ಹತ್ತಿರ ಯಾರೂ ಇಲ್ಲ. ಎಲ್ಲರೂ ಫಲಕದ ಮುಂದೆ. ಹಲಗೆಯ ಮೇಲಿನ ಅರ್ಧದಲ್ಲಿ ಸಾಹೇಬರು. ಆನೆಯಂಥ ಕಿವಿ, ಮೇಜಿನ ಮೇಲೆ ಕೂಡಿಸಿದ ಹೊಟ್ಟೆ, ಕೊರಳಲ್ಲಿ ಹಾರದ ಮೇಲೆ ಹಾರ. ಬಾಯಿಂದ ಬಂದ ಮಾತೇ ಹೂವಾಗಿ ಮತ್ತೆ ಅವರ ಕೊರಳಿಗೇ ಹಾರವಾಗಿ ಬೀಳುತ್ತಿತ್ತು. ಮುಖದಲ್ಲಿ ಬಹಳ ದಯೆ. ಮೇಜಿನ ಕೆಳಗಿನಿಂದ ಮಾತ್ರ ಬಲಗಾಲು ಹೊರಟಿತ್ತು. ಅದು ಹಾವಿನ ಹಾಗೆ ಉದ್ದಕ್ಕೆ ಬೆಳೆದು, ಸಾಲಾಗಿ ಕೂತ ಹೆಂಗಸರ ರೊಟ್ಟಿಗಂಟುಗಳ ಮೇಲಿಂದ ಹಾದು, ಹಲಗೆಯ ಇನ್ನೊಂದು ಮೂಲೆಯಲ್ಲಿದ್ದ ಒಂದು ಬೂಟಿನ ಬಾಯಿಗೆ ಹೆಬ್ಬೆರಳು ಇಟ್ಟಿತ್ತು. ಹೆಸರಿಲ್ಲ, ಊರಿಲ್ಲ, ಒಂದಕ್ಷರವಿಲ್ಲ. ಆದರೂ ಯಾರೆಂದು ಕೇಳಿದವರು ಯಾರೂ ಇಲ್ಲ. ಆ ಹೆಂಗಸರ ಸಾಲಿನಲ್ಲಿ ಕಡೆಯವಳು ತಲೆ ತಗ್ಗಿಸಿದ್ದಳು...

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಿರಣಿ ಮುಚ್ಚಿದ ಮೇಲೆ ಆ ಓಣಿ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಸುಣ್ಣದ ಚಿತ್ರ, ಮರುದಿನ ಹೋಗಿಬಿಡುತ್ತಿತ್ತು. ಆದರೆ ಯಾರೋ ಮೊಬೈಲಿನಲ್ಲಿ ಫೋಟೊ ಹೊಡೆದರು. ಮಧ್ಯಾಹ್ನದೊಳಗೆ ಅದು ಸಾಂಗ್ಲಿ ತಿರುಗಿ, ಮಿರಜ ತಿರುಗಿ, ಕೋರ್ಟಿನ ಚಹದಂಗಡಿಗೂ ಮುಟ್ಟಿತ್ತು.

ಚಾಳಿನ ಕಮಿಟಿಯ ಮುಖಂಡರು ಒದ್ದೆ ಗೋಣಿಚೀಲ ಹಿಡಿದುಕೊಂಡು ಓಡಿ ಬಂದರು. ಕಾಕಾ ಫಲಕಕ್ಕೆ ಬೆನ್ನು ಕೊಟ್ಟು ನಿಂತರು.

"ಯಾರು ಸತ್ತಾರ?" ಎಂದು ಕೇಳಿದರು.

"ಯಾರೂ ಸತ್ತಿಲ್ಲೋ ಮಾರಾಯಾ, ಇದನ್ನ ಒರಸದಿದ್ರ ನಾವೆಲ್ಲಾ ಸಾಯ್ತೀವಿ!"

"ಸತ್ತ ಮ್ಯಾಲ ಬರ್ರಿ. ನಾನ ಒರಸ್ತೀನಿ. ನಿಮ್ಮ ಹೆಸರ ಚಂದಾಗಿ ಬರೀತೀನಿ, ಸುತ್ತಲೂ ಬಳ್ಳಿನೂ ಹಾಕ್ತೀನಿ."

ಕಟ್ಟಳೆ ಕಟ್ಟಳೆಯೇ. ಮುಖಂಡರ ಗೋಣಿಚೀಲದಿಂದ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಅವರ ಚಪ್ಪಲಿಯೇ ತೋಯ್ದಿತು. ಚಿತ್ರ ಮರುದಿನ ಬೆಳಗಿನ ತನಕ ಇತ್ತು.

ಮೂರನೆಯ ದಿನ ಸಂಜೆ ನಮ್ಮ ಪರವಾಗಿ ದಾವೆ ನಡೆಸುತ್ತಿದ್ದ ವಕೀಲರು ಚಾಳಿಗೆ ಬಂದರು. ಅಂಗಳದಲ್ಲಿ ಅವರಿಗೆ ಕುರ್ಚಿ ಹಾಕಿದರು, ಗಂಡಸರು ಸುತ್ತ ಕೂತರು, ನಾವು ನಳದ ಕಡೆ ನಿಂತೆವು. ವಕೀಲರು ಮಾತಾಡಿದ್ದು ಮರಾಠಿಯಲ್ಲಿ, ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. ಸಾಹೇಬರಿಗೆ ಬಹಳ ನೋವಾಗಿದೆ, ಕೋರ್ಟಿಗೆ ಅಪಮಾನವೆಂದು ಕೇಸು ಮಾಡಿದರೆ ಪೇಂಟರ್ ಒಳಗೆ ಹೋಗುತ್ತಾನೆ, ನಿಮ್ಮ ದಾವೆಗೂ ಕೇಡು ಎಂದರು. ಆದರೆ ಅವರು ಒಂದು ದಾರಿ ತಂದಿದ್ದರು. ಟೈಪ್ ಮಾಡಿದ ಒಂದು ಮಾಫಿಪತ್ರ. 'ಚಿತ್ರದಲ್ಲಿರುವುದೆಲ್ಲ ಸುಳ್ಳು, ನನ್ನ ಕಲ್ಪನೆ, ಕ್ಷಮೆ ಬೇಡುತ್ತೇನೆ' ಎಂದು ಅದರಲ್ಲಿ ಇತ್ತು. ಸಹಿ ಒಂದಾದರೆ ಮುಗಿಯಿತು. ಕೋರ್ಟಿನ ಬೋರ್ಡಿನ ಕೆಲಸವೂ ಮೊದಲಿನ ಹಾಗೆ ನಡೆಯುತ್ತದೆ.

ಕಾಕಾ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ಓದಿದರು. ಆಮೇಲೆ ಬಹಳ ವಿನಯದಿಂದ ಹೇಳಿದರು.

"ಸಾಹೇಬರ ಕಿವಿ ನಾ ದೊಡ್ಡದು ಮಾಡೇನ್ರಿ. ಅದು ಸುಳ್ಳು. ಕಿವಿಗೆ ಮಾಫಿ ಕೇಳ್ತೀನಿ. ಹೊಟ್ಟಿನೂ ಸ್ವಲ್ಪ ಜಾಸ್ತಿ ಆಗೇತಿ, ಅದಕ್ಕೂ ಕೇಳ್ತೀನಿ. ಬೂಟಿಗೆ ಮಾತ್ರ ಇಲ್ಲ. ಬೂಟು ಖರೇ ಐತಿ."

"ಆ ಬೂಟಿಗೇ ಮಾಫಿ ಬೇಕಾಗಿರುವುದು!" ವಕೀಲರು ಕುರ್ಚಿಯಿಂದ ಅರ್ಧ ಎದ್ದರು. "ಕಿವಿಯನ್ನು ಯಾರು ಕೇಳಿದರು? ನೀನು ಕೋರ್ಟಿನೊಳಗೆ ಯಾವತ್ತಾದರೂ ಕೂತಿದ್ದೀಯಾ? ಮತ್ತೆ ಖರೆ ಎಂದು ಹೇಗೆ ಹೇಳುತ್ತೀ? ಯಾರು ಹೇಳಿದರು ನಿನಗೆ? ಅವರ ಹೆಸರು ಹೇಳು, ನಿನ್ನನ್ನು ಬಿಟ್ಟುಬಿಡುತ್ತಾರೆ."

"ಕಣ್ಣಿದ್ದವರು ಹೇಳ್ಯಾರ," ಎಂದರು ಕಾಕಾ. ನನ್ನ ಕಡೆ ನೋಡಲಿಲ್ಲ. ಎರಡು ಮಾರು ದೂರದಲ್ಲಿ ನಾನಿದ್ದೆ, ಒಂದು ಸಲವೂ ಈ ಕಡೆ ಮುಖ ತಿರುಗಿಸಲಿಲ್ಲ.

ಮುಖಂಡರು ಕೈಮುಗಿದರು. ಇನ್ನೊಬ್ಬರು ಬೈದರು. ನಿನ್ನ ಹಟಕ್ಕೆ ನಲವತ್ತು ಮನೆ ಬೀದಿಗೆ ಬರಬೇಕೇನು ಎಂದರು. ನಿಮ್ಮ ಅಜ್ಜನೂ ಎದ್ದು, "ಸಹಿ ಮಾಡಿ ಬಿಡೋ ದೋಸ್ತಾ, ಸುಣ್ಣದ ಬೂಟಿಗೆ ಇಷ್ಟೇನ್ ಹಿಡದಿ," ಎಂದರು. ಯಾರೋ ಪೆನ್ನು ತಂದು ಕಾಕಾನ ಕೈಯಲ್ಲಿ ಇಟ್ಟರು. ಕೋರ್ಟಿನ ಕೆಲಸ ಹೋದರೆ ಅವರಿಗೆ ಉಳಿಯುವುದು ಏನು ಎಂಬುದು ನಮಗೆಲ್ಲ ಗೊತ್ತಿತ್ತು. ಅವರು ಹೆಸರು ಹೇಳುವುದಿಲ್ಲ ಎಂದೂ ನನಗೆ ಗೊತ್ತಿತ್ತು. ನಾನು ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ನನಗೆ ಬರುತ್ತಿದ್ದ ಒಂದೇ ವಿದ್ಯೆ...

ಆದರೆ ಸುಳ್ಳು, ಸುಳ್ಳು ಎಂದು ಅವರು ಎಷ್ಟು ಸಲ ಹೇಳಿದರು! ಒಂದೊಂದು ಸಲವೂ ನನ್ನ ಹನ್ನೊಂದು ದಿನಗಳನ್ನು ಯಾರೋ ಒರೆಸಿ ಹಾಕಿದ ಹಾಗೆ ಆಗುತ್ತಿತ್ತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದದ್ದು ಸುಳ್ಳು, ಜ್ವರ ಬಂದ ಮಗನನ್ನು ಬಿಟ್ಟು ಹೋದದ್ದು ಸುಳ್ಳು.

"ಮೀ ಪಾಹಿಲಂ," ಎಂದೆ. ನಾನು ನೋಡಿದೆ ಎಂದು, ವಕೀಲರಿಗೆ ತಿಳಿಯಲಿ ಎಂದು ಮರಾಠಿಯಲ್ಲಿ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಗಂಡಸರೆಲ್ಲ ತಿರುಗಿ ನೋಡಿದರು. ತಲೆಯ ಮೇಲಿನ ಸೆರಗು ಹಿಡಿದುಕೊಂಡು, ಕೊಡದ ಕಡೆಗೇ ಕಣ್ಣಿಟ್ಟು ಹೇಳಿದೆ. ಬೂಟಿನ ಮಾತು ನಾನು ಹೇಳಿದ್ದು. ಹನ್ನೊಂದು ತಾರೀಕೂ ನೋಡಿದ್ದೇನೆ. ಬಲಗಾಲು. ಸಾಹೇಬರು ಕರೆಸಿ ಕೇಳಿದರೆ ಅವರ ಮುಂದೆಯೂ ಹೇಳುತ್ತೇನೆ. ಅದು ಸುಳ್ಳೆಂದು ಬರೆದ ಕಾಗದಕ್ಕೆ ಪೇಂಟರ್ ಕಾಕಾ ಸಹಿ ಮಾಡಕೂಡದು.

ಆಮೇಲೆ ನನ್ನ ಪಕ್ಕದ ಖೋಲಿಯ ಮಾವಶಿ, ಕಸಬರಿಗೆ ಕಟ್ಟುತ್ತಿದ್ದ ಮುದುಕಿ, ತನ್ನ ಒಡಕು ದನಿಯಲ್ಲಿ ಕೂಗಿ ಹೇಳಿದಳು: "ನಾನೂ ನೋಡೇನಿ! ಕಾಲುಚೀಲ ಹೆಬ್ಬಟ್ಟಿನ ಕಡೆ ಹರದಿತ್ತು. ಅದನ್ನ ಪೇಂಟರ ಬರೀಲಿಲ್ಲ. ಪಾಪ, ಸಾಹೇಬನ ಮಾನಾ ಉಳಿಸ್ಯಾನ!"

ಮೊದಲು ಹೆಂಗಸರು ನಕ್ಕರು. ಆಮೇಲೆ ಗಂಡಸರಿಗೂ ತಡೆಯಲಾಗಲಿಲ್ಲ. ಮುಖಂಡರು ಟೋಪಿಯಿಂದ ಬಾಯಿ ಮುಚ್ಚಿಕೊಂಡರು. ಆ ನಗೆಯಲ್ಲಿ ಕಾಕಾ ಪೆನ್ನಿನ ಮುಚ್ಚಳ ಹಾಕಿ ವಕೀಲರ ಜೇಬಿಗೆ ತಾವೇ ಸಿಕ್ಕಿಸಿದರು. ವಕೀಲರು ಕಾಗದ ಮಡಚಿಕೊಂಡು, ನಿಮ್ಮ ನಸೀಬು ಎಂದು ಹೇಳಿ ಹೋದರು. ಸಹಿ ಆಗಲಿಲ್ಲ.

ಮನೆಯೊಳಗೆ ನಿಮ್ಮ ಅಜ್ಜ ಸಿಟ್ಟಾದರು. "ಮನಿ ಹೋದ್ರ ಏನ್ ಮಾಡೂಣು? ಆ ಬೂಟಿನಾಗ ಸಂಸಾರ ಹೂಡೂಣೇನು?" ಎಂದರು. ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಕಾಕಾನಿಗೂ ಸಮಾಧಾನವಿರಲಿಲ್ಲ. ಮರುದಿನ ನಳದ ಹತ್ತಿರ, "ಯಾಕ ಬಾಯಿ ಬಿಟ್ರಿ ವೈನಿ? ನಾ ಮುಚ್ಚಿ ಇಟ್ಟಿದ್ನಲ್ಲ," ಎಂದರು.

"ಸುಳ್ಳು ಅಂದ್ರಲ್ರೀ," ಎಂದೆ. ಅಷ್ಟೇ. ಅವರು ತಲೆಯಾಡಿಸಿ ತಮ್ಮ ಬಣ್ಣದ ಡಬ್ಬಿ ಎತ್ತಿಕೊಂಡು ಹೋದರು.

ಹನ್ನೆರಡನೆಯ ತಾರೀಕಿಗೆ ಗಂಡಸರೂ ಬಂದರು, ನಿಮ್ಮ ಅಜ್ಜನೂ. ಕರೆಸಿ ಕೇಳುತ್ತಾರೆ ಎಂದು ಹಿಂದಿನ ದಿನವೆಲ್ಲ ಮರಾಠಿ ಮಾತು ಜೋಡಿಸಿಕೊಂಡಿದ್ದೆ. ಒಳಗೆ ಹೋಗಿ ಕೂತು ತಲೆ ತಗ್ಗಿಸಿದೆ... ಕಾಲು ಕಾಣಲಿಲ್ಲ. ಸಾಹೇಬರ ಮೇಜಿಗೆ ಮೂರು ಕಡೆಯಿಂದ ನೆಲ ಮುಟ್ಟುವ ಹಾಗೆ ಹೊಸ ಹಸಿರು ಬಟ್ಟೆ ಕಟ್ಟಿದ್ದರು. ಅಂಚಿಗೆ ಮೊಳೆ ಹೊಡೆದಿದ್ದರು. ಮಾವಶಿ ನನ್ನ ಪಕ್ಕೆಗೆ ತಿವಿದಳು. ನಿಮ್ಮ ಅಜ್ಜ ಬಗ್ಗಿ ನೋಡಿದರು, ಮತ್ತೊಮ್ಮೆ ಬಗ್ಗಿ ನೋಡಿದರು, ಆಮೇಲೆ ಅವರ ಹೆಗಲು ಕುಲುಕತೊಡಗಿತು. ನನ್ನ ಮೇಲಿನ ಅವರ ಸಿಟ್ಟು ಪೂರ್ತಿ ಇಳಿದದ್ದು ಆಗಲೇ. ನಾನು ಆಗ ಮೊದಲನೆಯ ಸಲ ತಲೆಯೆತ್ತಿ ಸಾಹೇಬರ ಮುಖ ನೋಡಿದೆ. ನೋಡಲು ಬೇರೇನೂ ಉಳಿದಿರಲಿಲ್ಲ. ಚಿತ್ರದಲ್ಲಿದ್ದಷ್ಟು ದೊಡ್ಡ ಕಿವಿಯಲ್ಲ. ದಣಿದ ಮುಖ. ಅವರೂ ನಮ್ಮ ಸಾಲನ್ನು ನೋಡಿದರು. ಯಾರನ್ನೂ ಕರೆಸಲಿಲ್ಲ, ಏನೂ ಕೇಳಲಿಲ್ಲ. ಅಂದು ನಮ್ಮ ದಾವೆಯನ್ನು ಒಂದು ತಾಸು ಕೇಳಿದರು.

ಚಿತ್ರದಿಂದಲೇ ಹೀಗಾಯಿತೆಂದು ನಾನು ಹೇಳುವುದಿಲ್ಲ. ಸಾಹೇಬರು ಮುಂದೆ ಬಡ್ತಿ ಪಡೆದು ದೊಡ್ಡ ಊರಿಗೆ ಹೋದರು. ಅವರ ಜಾಗಕ್ಕೆ ಬಂದವರು ಬೇರೆ ನೆಲೆ ತೋರಿಸದೆ ಚಾಳಿನವರನ್ನು ಎಬ್ಬಿಸಕೂಡದು ಎಂದು ಬರೆದರು. ನಿಮ್ಮ ಅಪ್ಪ ಈ ಮನೆ ಕೊಳ್ಳುವ ತನಕ ನಾವು ಅದೇ ಖೋಲಿಯಲ್ಲಿ ಇದ್ದೆವು.

ಅಪಮಾನದ ಕೇಸು ಯಾರೂ ಹಾಕಲಿಲ್ಲ. ಆದರೆ ಕೋರ್ಟಿನ ಬೋರ್ಡುಗಳು ಕಾಕಾನಿಗೆ ಮತ್ತೆ ಸಿಗಲಿಲ್ಲ. ಒಬ್ಬೊಬ್ಬರಾಗಿ ವಕೀಲರೂ ತಮ್ಮ ಪಾಟಿಗಳನ್ನು ಬೇರೆಯವರ ಕೈಯಿಂದ ಬರೆಸಿದರು. ಆ ಸಾಹೇಬರು ಬಂದಾಗ ಕಾರಿಡಾರಿನ ಹಲಗೆಯ ಮೇಲೆ ಬರೆದ ಅವರ ಹೆಸರೇ ಅಲ್ಲಿ ಕಾಕಾ ಬರೆದ ಕಡೆಯ ಹೆಸರಾಯಿತು. ಅದರ ಕೆಳಗಿನ ಹೆಸರುಗಳು ಸೊಟ್ಟ. ಆಮೇಲೆ ಫ್ಲೆಕ್ಸ್ ಬಂತು, ಕುಂಚವನ್ನು ಕೇಳುವವರೇ ಇಲ್ಲವಾದರು. ಕಾಕಾ ಹಳದಿಯ, ಅಂದರೆ ಅರಿಸಿನದ, ಗೋದಾಮಿನಲ್ಲಿ ಚೀಲದ ಮೇಲೆ ಗುರುತು ಹಾಕುವ ಕೆಲಸಕ್ಕೆ ಸೇರಿದರು. ಸಂಜೆ ಬರುವಾಗ ರೆಪ್ಪೆಯ ತನಕ ಹಳದಿಯಾಗಿರುತ್ತಿದ್ದರು. "ಸಹಿ ಮಾಡಿದ್ರ ಇದೆಲ್ಲಾ ತಪ್ಪತಿತ್ತಲ್ರಿ," ಎಂದು ಒಮ್ಮೆ ನಾನೇ ಕೇಳಿದೆ. "ಮದಿವ್ಯಾಗ ಹಳದಿ ಹಚ್ಚಿದಾಗೂ ಇಷ್ಟ ಚಂದ ಕಂಡಿರಲಿಲ್ರಿ ನಾ," ಎಂದು ನಕ್ಕರು. ಅದೇ ಉತ್ತರವೆಂದು ಈಗ ಅನ್ನಿಸುತ್ತದೆ...

ಹೋದ ವರ್ಷ ಅವರು ತೀರಿಕೊಂಡರು. ಶೋಕಸಭೆಗೆ ನಿಮ್ಮ ಅಪ್ಪ ನನ್ನನ್ನು ಕರೆದುಕೊಂಡು ಹೋಗಿದ್ದ. ಆ ವಕೀಲರೂ ಬಂದಿದ್ದರು, ಈಗ ಕೋಲು ಹಿಡಿದಿದ್ದಾರೆ. ಮೈಕಿನ ಮುಂದೆ ನಿಂತು ಬಹಳ ಪ್ರೀತಿಯಿಂದಲೇ ಮಾತಾಡಿದರು. ದೊಡ್ಡ ಮನಸ್ಸಿನ ಕಲಾವಿದ, ವಯಸ್ಸಿನ ಭರದಲ್ಲಿ ಒಮ್ಮೆ ಒಬ್ಬ ನ್ಯಾಯಾಧೀಶರ ಚೇಷ್ಟೆಯ ಚಿತ್ರ ಬರೆದ, ಆದರೆ ತಪ್ಪು ತಿಳಿದ ಕೂಡಲೇ ಮಾಫಿ ಬರೆದುಕೊಟ್ಟ ಎಂದರು. ಜನ ಹೌದು ಹೌದು ಎಂದು ತಲೆಯಾಡಿಸಿದರು. ಚಾಳಿನವರೂ ಆಡಿಸಿದರು. ಆವತ್ತು ಅಂಗಳದಲ್ಲಿ ಕೂತು ನಕ್ಕವರೇ. ಮಾವಶಿ ಇಲ್ಲ, ನಿಮ್ಮ ಅಜ್ಜ ಇಲ್ಲ. ಗೊತ್ತಿದ್ದು ಹೇಳಬಲ್ಲವಳು ನಾನೊಬ್ಬಳೇ ಇದ್ದೆ. ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಏಳಬೇಕೆಂದುಕೊಂಡೆ. ಅಷ್ಟರಲ್ಲಿ ಎರಡು ನಿಮಿಷ ಮೌನ ಎಂದರು, ಎಲ್ಲರೂ ಎದ್ದು ನಿಂತರು, ಸಭೆ ಮುಗಿಯಿತು.

ಮಕ್ಕಳೇ, ಆ ಚಿತ್ರ ಈಗ ಎಲ್ಲಿಯೂ ಇಲ್ಲ. ಫೋಟೊ ಇದ್ದ ಮೊಬೈಲುಗಳು ಕೆಟ್ಟುಹೋದವು. ಚಾಳು ಕೆಡವಿದಾಗ ಹಲಗೆಯನ್ನು ಯಾರೋ ಒಲೆಗೆ ಒಯ್ದರಂತೆ. ಕಾಕಾನೂ ಇಲ್ಲ. ಅವರು ಬಿಟ್ಟುಹೋದದ್ದು ಹಾಕದೆ ಉಳಿಸಿದ ಆ ಒಂದು ಸಹಿ ಮಾತ್ರ. ಅದನ್ನೂ ಈಗ ಅವರ ಹೆಸರಿನ ಕೆಳಗೆ ಹಾಕಿಬಿಟ್ಟಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪೇಂಟರ್ ಕಾಕಾ ಮಾಫಿ ಬರೆದುಕೊಡಲಿಲ್ಲ. ಬೂಟು ಖರೆ ಇತ್ತು. ಯಾರಾದರೂ ನಿಮ್ಮನ್ನು, ಇದನ್ನು ಯಾರು ಹೇಳಿದರು ಎಂದು ಕೇಳಿದರೆ, ನಮ್ಮ ಅಜ್ಜಿ ಅನ್ನಬೇಡಿರಿ. ಅಜ್ಜಿಯರು ಏನೇನೋ ಹೇಳುತ್ತಾರೆ ಎಂದು ನಗುತ್ತಾರೆ. ನನ್ನ ಹೆಸರು ಹೇಳಿರಿ, ಅಪ್ಪನ ಹೆಸರು, ಅಡ್ಡಹೆಸರು ಸೇರಿಸಿ ಪೂರ್ತಿಯಾಗಿ ಹೇಳಿರಿ. ಕಾಕಾ ಅದನ್ನು ಮುಚ್ಚಿಡಬೇಕೆಂದಿದ್ದರು. ನನಗೆ ಮುಚ್ಚಿಡುವುದು ಬೇಕಾಗಿಲ್ಲ.